ನೀಲಿ ಕಾಗದದ ತೋಟೆ

ನಮ್ಮೂರಿನಿಂದ ಬಹುದೂರದ ಕತಾರ್‌ಗಾಮ್ ಎಂಬ ಪೇಟೆಯ ನನ್ನ ಬಾಡಿಗೆ ಕೋಣೆಗೆ ಪಟಾಕಿ ವಾಸನೆ ಬಂದರೆ ಇವತ್ತಿಗೂ ಅಪ್ಪನ ಕೇಪಿನ ಕೋವಿ ನೆನಪಾಗುತ್ತದೆ.

ನಾನು ಚಿಕ್ಕವನಿದ್ದಾಗ ಒಂದು ಮಧ್ಯಾಹ್ನ ಅಜ್ಜಿಯೂ ನಾನೂ ಜಗಲಿಯಲ್ಲಿ ಕೂತು, ಕೋಲಿಗೆ ಕಾಗದ ಸುತ್ತಿ, ಮದ್ದು ತುಂಬಿ ಆ ಕೋವಿಗೆ ತೋಟೆ ಕಟ್ಟುತ್ತಿದ್ದೆವು.

"ಬಿಗಿಯಾಗಿ ಸುತ್ತು ಮಾರಾಯ, ಇದು ನಿಮ್ಮಪ್ಪನ ಬೀಡಿಯಲ್ಲ," ಎಂದು ಅಜ್ಜಿ ನಕ್ಕರು.

ಕಾಗದ ಸಾಲಲಿಲ್ಲ. ಅಪ್ಪನ ಪೆಟ್ಟಿಗೆಯಲ್ಲಿದ್ದ, ಏನೋ ಬರೆದಿದ್ದ ತೆಳು ನೀಲಿ ಕಾಗದ ತಂದುಕೊಟ್ಟೆ. ಅಜ್ಜಿಗೂ ನನಗೂ ಓದು ಬರುತ್ತಿರಲಿಲ್ಲ.

ಸಂಜೆ ಅಪ್ಪ ಹಂದಿ ಓಡಿಸಲು ಗುಂಡು ಹಾರಿಸಿದರು. ಗದ್ದೆಗೆ ಬಿದ್ದ ಸುಟ್ಟ ನೀಲಿ ಚೂರನ್ನು ಎತ್ತಿ ನೋಡಿ ಅಲ್ಲೇ ಕುಳಿತುಬಿಟ್ಟರು.

"ಮನೆ ಬಿಟ್ಟು ಹೋದ ಮೇಲೆ ನಿನ್ನಮ್ಮ ಬರೆದದ್ದು ಇದೊಂದೇ ಕಣೋ. ಅವಳ ವಿಳಾಸ ಇದರಲ್ಲೇ ಇತ್ತು."

ಬೈಯಲಿಲ್ಲ. ಚೂರಿನಲ್ಲಿ ಉಳಿದಿದ್ದ ಒಂದೇ ಪದವನ್ನು ನನಗೆ ಓದಿ ಹೇಳಿದರು: ಕತಾರ್‌ಗಾಮ್.