ಒಂದು ಗುಟುಕು ಹುಳದ ನೀರು

“ಹುಳಕ್ಕ ಹುಳಾನ ಔಷಧ ಏನ್ರಿ?” ಹೊಳಬಸಪ್ಪ ತಗಡಿನ ಡಬ್ಬದೊಳಗೆ ಇಣುಕಿ, ಮೂಸಿ ನೋಡಿ, ಮುಖ ಕಿವುಚಿದ. ಒಳಗೆ ಅಕ್ಕಿ ತೊಳೆದಂಥ ನೀರು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಹುಳಗಳು ಸಾವಿರಗಟ್ಟಲೆ ಇವೆಯಂತೆ. ಎಲೆ ತಿನ್ನುವ ಹುಳದ ಹೊಟ್ಟೆ ಹೊಕ್ಕು ಎರಡೇ ದಿನದಲ್ಲಿ ಅದನ್ನು ಕೊಲ್ಲುತ್ತವಂತೆ. ಹಾಗೆಂದವನು ಸರಕಾರದ ಬೇಸಾಯ ಇಲಾಖೆಯ ಶೇತಕಿ ಕಚೇರಿಯ ಗುಮಾಸ್ತ ಮುರುಗೆಪ್ಪ.

“ಪರದೇಶದಾಗ ಮಾಡಿ ನೋಡ್ಯಾರ್ರಿ. ಸಾಹೇಬ್ರು ಇಲ್ಲೂ ನೋಡೂಣು ಅಂದ್ರು. ಹೊತ್ತು ಮುಳುಗೂ ಮುಂದ ನೀರಿನಾಗ ಕಲಸಿ ಕೋಬಿ ಮ್ಯಾಲ ಚಿಮುಕಸ್ರಿ, ಸಾಕು.”

ಹೊಳಬಸಪ್ಪ ನಂಬಲಿಲ್ಲ. ಹೆಂಡತಿ ಕಾಶವ್ವ ಕೊಟ್ಟ ಚಹಾವನ್ನೂ ಮೂಸಿಯೇ ಕುಡಿಯುವ ಆಸಾಮಿ ಅವನು. ಆದರೆ ಈಗ ಕುತ್ತಿಗೆಗೆ ಬಂದಿತ್ತು. ಯುದ್ಧ ಶುರುವಾದಾಗಿನಿಂದ ಅವನು ಬೆಳೆದ ಕೋಬಿ, ಅಂದರೆ ಎಲೆಕೋಸೆಲ್ಲ ಖಡಕಿಯ ಪಲ್ಟನ್ನಿನ ಅಡುಗೆಮನೆಗೇ ಹೋಗುತ್ತಿತ್ತು. ಹೋದ ವಾರ ಒಂದು ಗಡ್ಡೆಯಲ್ಲಿ ಹುಳ ಕಂಡಿತೆಂದು ಬಂಡಿ ಪೂರ್ತಿ ವಾಪಸು ಬಂತು. ಸೋಮವಾರವೂ ಹುಳ ಸಿಕ್ಕರೆ ಗೇಟಿನ ಹತ್ತಿರ ಸುಳಿಯಬೇಡ ಎಂದಿದ್ದ ಹವಾಲ್ದಾರ. ಗೇಟು ಮುಚ್ಚಿದರೆ ಲಾವಣಿಗೆ, ಅಂದರೆ ಗೇಣಿಗೆ ಹಿಡಿದ ಹೊಲ ಬಿಟ್ಟು ಗಂಟುಮೂಟೆ ಕಟ್ಟುವುದೇ.

“ಇದನ್ನ ತಿಂದು ನಾಕು ಸೋಲ್ಜರು ಹೊಟ್ಟಿ ಹಿಡಕೊಂಡ್ರ ನಾ ಯರವಡಾ ಜೇಲಿಗೆ ಹೋಗಬೇಕಾಗ್ತದ,” ಎಂದ.

“ಮನಶ್ಯಾರಿಗೆ ಏನೂ ಆಗಂಗಿಲ್ರಿ.”

“ಹಂಗಾರ ನೀವ ಒಂದು ಗುಟುಕು ಕುಡದು ತೋರಸ್ರಿ.”

ಮುರುಗೆಪ್ಪನ ಮುಖ ಬಿಳಿಚಿತು. ಡಬ್ಬ ನೋಡಿದ, ಹೊಲ ನೋಡಿದ, ಕೊನೆಗೆ ಕಣ್ಣು ಮುಚ್ಚಿ ಒಂದು ಗುಟುಕು ನುಂಗಿಯೇಬಿಟ್ಟ. ಪಾಪ, ಇಷ್ಟು ಸತಾಯಿಸಬಾರದಿತ್ತು ಎನ್ನಿಸಿ ಹೊಳಬಸಪ್ಪ ನೀರು ಚಿಮುಕಿಸುವ ಝಾರಿ ತರಲು ಹೋದ. ಬರುವಾಗ ನೋಡಿದರೆ, ಬಣವೆಯ ಹಿಂದೆ ಗುಮಾಸ್ತ ಬಾಗಿ ನಿಂತು ಗಂಟಲಿಗೆ ಬೆರಳು ಹಾಕಿ ಹಾಕಿ ಕಕ್ಕುತ್ತಿದ್ದಾನೆ!

ಹೊಳಬಸಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಕಂಡೂ ಕಾಣದವನಂತೆ ನಗುನಗುತ್ತಲೇ ಅವನನ್ನು ಕಳಿಸಿದ. ಆಮೇಲೆ ಡಬ್ಬವನ್ನು ಕಾಲುವೆ ದಂಡೆಯ ಔಡಲ ಗಿಡಗಳ ಮೇಲೆ ಪೂರ್ತಿ ಚೆಲ್ಲಿ, ಕೈ ಮೂರು ಸಲ ತೊಳೆದುಕೊಂಡ.

ಸೋಮವಾರ ಬಂಡಿ ಮತ್ತೆ ವಾಪಸು ಬಂತು. ಇನ್ನು ಬರಬೇಡವೆಂದು ಹೇಳಿ ಕಳಿಸಿದ್ದರು. ಹೊಳಬಸಪ್ಪ ತಲೆ ಮೇಲೆ ಕೈ ಹೊತ್ತು ಕುಳಿತಿದ್ದಾಗಲೇ ಮುರುಗೆಪ್ಪ ಫಲ ನೋಡಲು ಬಂದ. ಅವನ ಜನ್ಮ ಜಾಲಾಡಲು ಬಾಯಿ ತೆರೆಯುವಷ್ಟರಲ್ಲಿ ಕಾಲುವೆ ಕಡೆಯಿಂದ ಕಾಶವ್ವ ಕರೆದಳು.

“ಸ್ವಲ್ಪ ಇಲ್ಲಿ ಬರ್ರಿ. ಔಡಲದಾಗಿನ ಹುಳ ಎಲ್ಲಾ ಸತ್ತು ಬಿದ್ದಾವ.”

ಎಲೆಯಡಿ ಹುಳಗಳು ಒದ್ದೆ ಬತ್ತಿಯಂತೆ ಜೋತುಬಿದ್ದಿದ್ದವು. ಮುರುಗೆಪ್ಪನ ಮುಖ ಅರಳಿತು, ಮರುಕ್ಷಣ ಗೊಂದಲಕ್ಕೆ ಬಿತ್ತು. “ಇಲ್ಲಿ ಯಾಕ ಹಾಕಿದ್ರಿ?”

“ನೀವು ಬಣವಿ ಹಿಂದ ಕಕ್ಕಿದ್ದು ನಾ ನೋಡಿದ್ನಿರಿ. ವಿಷಾನ ಇರಬೇಕು ಅಂತ ತಿಳಕೊಂಡೆ,” ಹೊಳಬಸಪ್ಪನ ದನಿ ಕುಸಿದಿತ್ತು. “ವಿಷ ಅಲ್ಲಂದ್ರ ಯಾಕ ಕಕ್ಕಿದ್ರಿ?”

ಗುಮಾಸ್ತ ತಲೆ ತಗ್ಗಿಸಿದ. “ಕೊರಳಾಗ ಲಿಂಗ ಅದರಿ. ಸಾವಿರ ಜೀವಾ ನುಂಗಿ, ಮನೀಗೆ ಹೋಗಿ ಪೂಜಿಗೆ ಹೆಂಗ ಕೂಡ್ಲಿ?”

ಹೊಳಬಸಪ್ಪನ ಕೈ ತಾನಾಗಿಯೇ ಅಂಗಿಯೊಳಗೆ ಹೋಗಿ, ತನ್ನ ಎದೆಯ ಮೇಲಿನ ಲಿಂಗವನ್ನು ಬಿಗಿಯಾಗಿ ಹಿಡಿದುಕೊಂಡಿತು.