ಕಿತ್ತಳೆ ಬಣ್ಣದ ವೈರು

ಸೂರ್ಯನೇ ಸೊರಗಿ ಲೋಕವೆಲ್ಲ ತಣ್ಣಗಾದ ಮೇಲೆ, ಬಿಸಿಲೂರಾಗಿದ್ದ ರಾಯಚೂರಿನಲ್ಲೂ ಮನೆ ಬೆಚ್ಚಗಾಗಬೇಕೆಂದರೆ ಪಕ್ಕದ ಮನೆಯ ಶಾಖವನ್ನು ಎಳೆದುಕೊಳ್ಳಬೇಕಿತ್ತು. ಗೋಡೆಯಲ್ಲಿದ್ದ ಹೀಟ್ ಪಂಪಿನ ಕೆಲಸವೇ ಅದು. ಆದರೂ ಹಂಪಮ್ಮನ ಮನೆ ವಾರದಿಂದ ಕೊರೆಯುತ್ತಿತ್ತು.

ಮೆಕ್ಯಾನಿಕ್ ಪಂಪು ನಡೆಸುವ ಥರ್ಮೋಸ್ಟಾಟಿನ ಮುಚ್ಚಳ ಬಿಚ್ಚಿದ. "ಕಿತ್ತಳೆ ವೈರು ಬ್ಯಾರೆ ತೂತಿನ್ಯಾಗ ಐತ್ರಿ ಅಮ್ಮಾರೆ. ಮಷೀನು ಉಲ್ಟಾ ನಡದೈತಿ. ನಿಮ್ಮ ಬಿಸಿಯೆಲ್ಲ ಆಚೀ ಮನಿಗೆ ಹೊಂಟೈತಿ."

ಆಚೆಯದು ಸಾಲಿನ ಕಡೆಯ ಮನೆ. ಅದಕ್ಕೆ ಎಳೆದುಕೊಳ್ಳಲು ಇನ್ನೊಂದು ನೆರೆಮನೆಯಿಲ್ಲ. ಜಗಳವಾಡಿ ಬೇರೆ ಹೋದ ಸೊಸೆ ಅಲ್ಲಿ ಹಸಿ ಬಾಣಂತಿ. ಬಾಣಂತಿಗೆ ಕೆಂಡದ ಕಾವು ಕೊಡಲು ಊರಲ್ಲಿ ಕಟ್ಟಿಗೆಯೇ ಉಳಿದಿರಲಿಲ್ಲ. ಹಂಪಮ್ಮನ ಗಂಡ ಅಮರಪ್ಪನೇ ಹೆಂಡತಿಯ ಕಣ್ಣು ತಪ್ಪಿಸಿ ಆ ವೈರು ಬದಲಿಸಿದ್ದ.

ಹಂಪಮ್ಮ ಮೆಕ್ಯಾನಿಕ್ ಕೈಯಿಂದ ಸ್ಕ್ರೂಡ್ರೈವರ್ ಇಸಿದುಕೊಂಡು ಗಂಡನ ಕಡೆ ಚಾಚಿದಳು. "ನೀವ ಹಾಕ್ರಿ. ನಿಮಗ ರೂಢಿ ಐತಲ್ಲ."

ಅಮರಪ್ಪ ಗೋಡೆಯ ಕಡೆ ನೋಡಿದ. "ಕೂಸು ಐತಲ್ಲೇ..."

"ಬ್ಯಾರೆ ಹೋಗಾಗ ಆಕಿಗೆ ಕೂಸಿನ ನೆನಪು ಇರಲಿಲ್ಲೇನು? ಹಾಕ್ರಿ."

ಅವನು ಹಾಕಿದ. ಪಂಪು ಗುಂಯ್‌ಗುಟ್ಟಿತು. ಹಂಪಮ್ಮ ಎಲ್ಲರಿಗೂ ಚಹಾ ತಂದಳು. ಅಷ್ಟರಲ್ಲಿ ಗೋಡೆಯಾಚೆ ಕೂಸು ಚೀರಿ ಅಳತೊಡಗಿತು. ಮೆಕ್ಯಾನಿಕ್ ತಲೆ ತಗ್ಗಿಸಿ ಬಿಸ್ಕತ್ತು ಅದ್ದಿಕೊಂಡ. ಚಹಾ ಮುಗಿಯುವ ಹೊತ್ತಿಗೆ ಅಳು ಸಣ್ಣದಾಗುತ್ತ ಬಂದು ನಿಂತೇ ಹೋಯಿತು.

"ನೋಡ್ರಿ, ಮಲಗ್ತು," ಎಂದಳು ಹಂಪಮ್ಮ. "ಸುಮ್‌ಸುಮ್ನ ಚಿಂತಿ ಮಾಡ್ತಿದ್ರಿ."

ಅಮರಪ್ಪ ಗೋಡೆಗೆ ಕಿವಿಯಿಟ್ಟ. ಅವನ ಪಾದಗಳು ಆಗಲೇ ಹಿತವಾಗಿ ಬೆಚ್ಚಗಾಗಿದ್ದವು.