ಕೌದಿಯ ಕಿವಿ

ಇಂಪನಾ ಕೌದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೊಲಿಗೆಯ ಸಾಲನ್ನು ಉಗುರಿನಿಂದ ಕೆರೆದಳು. ಆಮೇಲೆ ಮೂಲೆಯಲ್ಲಿ ಚಾದರ ಹೊದ್ದು ನಿಂತಿದ್ದ ಹೊಲಿಗೆ ಮಿಶಿನ್ನಿನ ಕಡೆ ನೋಡಿದಳು. ಚನ್ನಬಸವ್ವ ಸೆರಗಿನೊಳಗೆ ಕೈ ಹುದುಗಿಸಿಕೊಂಡು ಕೂತಲ್ಲೇ ಕೂತಿದ್ದಳು. ಬರಬಾರದ ದಿನ ಕಡೆಗೂ ಬಂದಿತ್ತು.

ಹುಡುಗಿ ಕೆಟ್ಟವಳಲ್ಲ. ಮೈಸೂರು ಕಡೆಯವಳು, ಪುಣೆಯ ಐಟಿ ಕಂಪನಿಯಲ್ಲಿ ಕೆಲಸ, ಬಿಡುವಿನಲ್ಲಿ ಆನ್‌ಲೈನಿನಲ್ಲಿ ಕೌದಿ ಮಾರುತ್ತಾಳೆ. ಹಿಂದೊಮ್ಮೆ ಚನ್ನಬಸವ್ವನ ಕೌದಿಯೊಂದನ್ನು ಕಂಡು ಮರುಳಾಗಿ, ಅದೇ ಊರಿನ ಗುಲ್ಟೇಕಡಿ ಓಣಿಯ ಈ ಒಂದೂವರೆ ಕೋಣೆಯ ಮನೆಯನ್ನು ಹುಡುಕಿಕೊಂಡು ಬಂದವಳು. ಅಂದಿನಿಂದ ಹಳೆಯ ಸೀರೆಗಳ ಗಂಟು ಬರುತ್ತದೆ, ಕೌದಿಯಾಗಿ ಹೋಗುತ್ತದೆ. ಪ್ರತಿ ಕೌದಿಗೂ ‘ಅಜ್ಜಿಯ ಕೈಹೊಲಿಗೆ’ ಎಂಬ ಚೀಟಿ. ಬಾಡಿಗೆ, ಗ್ಯಾಸು, ಗುಳಿಗೆ ಎಲ್ಲವೂ ಆ ಚೀಟಿಯ ಮೇಲೆಯೇ ನಡೆದಿವೆ.

ಈಗ ಯಾರೋ ಗಿರಾಕಿ ಬರೆದಿದ್ದಾಳಂತೆ, ಇಷ್ಟು ಸಮನಾದ ಹೊಲಿಗೆ ಅಜ್ಜಿಯ ಕೈಯದ್ದಲ್ಲ, ಇದು ಮೋಸ ಎಂದು. ಅದನ್ನು ಓದಿ ಉಳಿದವರೂ ಕೇಳತೊಡಗಿದ್ದಾರೆ. ಉತ್ತರ ಕೊಡದಿದ್ದರೆ ಅಂಗಡಿ ಮುಚ್ಚಿದ ಹಾಗೆಯೇ.

"ಅಜ್ಜಿ, ನಂಗೆ ಡೌಟಿಲ್ಲ. ಆದ್ರೂ ನಿಜ ಹೇಳಿ, ಮಿಶಿನ್ ಯೂಸ್ ಮಾಡ್ತೀರಾ?"

"ಅದರ ಬೆಲ್ಟ ಹರದು ಭಾಳ ದಿನ ಆತವ್ವ. ಈ ಮನ್ಯಾಗ ಹೊಲದದ್ದೆಲ್ಲಾ ಕೈಲೇನ ಹೊಲದದ್ದು. ಖಂಡೋಬಾನ ಆಣಿ."

ಆಣೆ ಸುಳ್ಳಾಗಿರಲಿಲ್ಲ. ಆದರೂ ಅವಳು ಸೆರಗನ್ನು ಇನ್ನಷ್ಟು ಎಳೆದುಕೊಂಡಳು. ಜೇಜುರಿಯ ಆ ಖಂಡೋಬಾ ದೇವರು ಆಡದೆ ಉಳಿಸಿಕೊಂಡ ಮಾತನ್ನೂ ಕೇಳಿಸಿಕೊಳ್ಳುತ್ತಾನೆ ಎಂದು ಅವಳು ನಂಬಿದ್ದಳು. ನಿಜ ಬಯಲಾದರೆ ಅನ್ನವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಆ ಗುಟ್ಟನ್ನು ಕಾಯ್ದು ಕಾಯ್ದು ಅವಳಿಗೆ ಸಾಕಾಗಿ ಹೋಗಿತ್ತು.

ಗಂಡ ರಾಮಲಿಂಗಪ್ಪ ಚಹಾ ತಂದಿಟ್ಟ. ಇಂಪನಾ ಅವನನ್ನು ಸರಿಯಾಗಿ ನೋಡಲೂ ಇಲ್ಲ. ಮಾರ್ಕೆಟ್ ಯಾರ್ಡಿನ ಚೀಲಗಳ ನಡುವೆ ಆಯುಷ್ಯ ಕಳೆದು, ಈಗ ಮನೆ ಹಿಡಿದು ಕೂತವನು. ಹೆಂಡತಿಯ ದುಡಿಮೆಯಲ್ಲಿ ಉಣ್ಣುವವನೆಂದು ಓಣಿಯವರು ಆಡಿಕೊಂಡರೆ, ಕೇಳಿಯೂ ಕೇಳದವನಂತೆ ಇದ್ದುಬಿಡುತ್ತಾನೆ. ಅದನ್ನು ಕೇಳಿ ನೋಯುವವಳು ಚನ್ನಬಸವ್ವ. ಚಹಾ ಇಟ್ಟವನು ಮಂಚಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ಹೊದ್ದು ಮಲಗಿದ. ಇಂಪನಾ ಕುಡಿದಳು, ಚನ್ನಬಸವ್ವನ ಕಪ್ಪು ಹಾಗೆಯೇ ಆರಿತು.

ಕೌದಿಯ ಮೂಲೆಗಳನ್ನು ಸವರುತ್ತ ಇಂಪನಾ ಮೆತ್ತಗಾದಳು. ಒಂದೊಂದು ಮೂಲೆಯಲ್ಲೂ ಬಟ್ಟೆಯನ್ನು ಮುಷ್ಟಿಗೆ ಸಿಗುವಷ್ಟು ಎಳೆದು, ದಾರ ಬಿಗಿದು, ಕಿವಿ ಮಾಡಿರುತ್ತದೆ. ಗಿರಾಕಿಗಳಿಗೆ ಅದೆಂದರೆ ಪ್ರಾಣ. ಇದು ಉತ್ತರ ಕರ್ನಾಟಕದ ಹೆಂಗಸರ ಹಳೇ ಕಲೆ ಎಂದು ಅವಳೇ ಬರೆದು ಹಾಕಿದ್ದಳು. ಚನ್ನಬಸವ್ವ ತಿದ್ದಲು ಹೋಗಿರಲಿಲ್ಲ. ಅವಳ ಅವ್ವನ ಕೌದಿಗಳಿಗೆ ಕಿವಿ ಇದ್ದದ್ದು ಅವಳಿಗೆ ನೆನಪಿಲ್ಲ.

"ಒಂದು ವಿಡಿಯೋ ಸಾಕು ಅಜ್ಜಿ. ಮುಖ ಬೇಡ, ಬರೀ ಕೈ. ಇಲ್ಲೇ ಒಂದು ಮೂಲೆ ಹೊಲಿದುಬಿಡಿ."

ನೆಲದ ಮೇಲೆ ಹೊಸ ಕೌದಿಯೊಂದು ಹಾಸಿತ್ತು, ಕೊನೆಯ ಮೂಲೆ ಮಾತ್ರ ಬಾಕಿ. ಇಂಪನಾ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಆ ಮೂಲೆಯ ಮೇಲೆ ಬಾಗಿಸಿ ನಿಲ್ಲಿಸಿದಳು. ಚನ್ನಬಸವ್ವ ಸೂಜಿಯನ್ನು ನೋಡಿದಳು, ಮಂಚವನ್ನು ನೋಡಿದಳು.

ಆಮೇಲೆ ಮೆಲ್ಲಗೆ ಹೇಳಿದಳು. ಕೊನೆಯ ಮೂಲೆ ಮುಚ್ಚುವ ಮುಂಚೆ ಕೌದಿಯ ಹೊಟ್ಟೆಗೆ ಒಂದು ಚೂರು ರೊಟ್ಟಿ ಇಡಬೇಕು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ. ಅದನ್ನು ಉಣಿಸುವಾಗ ಹೊರಗಿನವರ ಕಣ್ಣು ಬೀಳಬಾರದು. ರೊಟ್ಟಿಯ ಮಾತು ಅವ್ವನಿಂದ ಬಂದದ್ದು; ಕಣ್ಣಿನ ಮಾತು ಆಗಷ್ಟೇ ಹುಟ್ಟಿದ್ದು.

ಇಂಪನಾಳ ಮುಖ ಅರಳಿತು. ಇದನ್ನೂ ಬರೆಯಬಹುದು ಎಂದುಕೊಂಡಳೋ ಏನೋ, ರೊಟ್ಟಿ ಇಟ್ಟಾದ ಮೇಲೆ ಕ್ಯಾಮೆರಾ ಚಾಲೂ ಮಾಡಲು ಒತ್ತುವ ಗುಂಡಿ ತೋರಿಸಿ, ತಾನೇ ಎದ್ದು ಹೊಸ್ತಿಲಾಚೆ ಕೂತಳು. ಮಲಗಿದ ಮುದುಕನನ್ನು ಎಬ್ಬಿಸುವ ಯೋಚನೆ ಅವಳಿಗೆ ಬರಲಿಲ್ಲ. ಬಾಗಿಲ ಪರದೆ ಬಿತ್ತು. ಒಳಗೆ ಎಲ್ಲೋ ನಲ್ಲಿ ನೀರು ಬಿಟ್ಟ ಸದ್ದು, ಆಮೇಲೆ ಬಳೆಗಳ ಸದ್ದು, ಆಮೇಲೆ ಬಟ್ಟೆಯ ಪದರಗಳನ್ನು ದಾಟುವ ದಾರದ ಸರ್‌ ಸರ್‌.

ಪರದೆ ಸರಿದಾಗ ಚನ್ನಬಸವ್ವ ಕೌದಿಯ ಪಕ್ಕ ಕೂತಿದ್ದಳು, ಬೆವರಿದ್ದಳು. ಇಂಪನಾ ಅಲ್ಲಿಯೇ ವಿಡಿಯೋ ನೋಡಿದಳು. ದಪ್ಪ ಬೆರಳುಗಳು, ಸೀಳಿದ ಉಗುರು, ಮುಂಗೈವರೆಗೆ ಎಳೆದ ಸೆರಗು, ಹಸಿರು ಪ್ಲಾಸ್ಟಿಕ್ ಬಳೆ. ಸೂಜಿ ಒಮ್ಮೆಯೂ ತಡವರಿಸಲಿಲ್ಲ. ಕೊನೆಗೆ ಆ ಕೈ ಮೂಲೆಯನ್ನು ಎಳೆದು, ಎರಡು ಸುತ್ತು ಬಿಗಿದು, ಕಿವಿ ಎಬ್ಬಿಸಿತು. ಹುಡುಗಿಯ ಕಣ್ಣು ತುಂಬಿ ಬಂತು.

"ಎಷ್ಟು ದುಡಿದಿರೋ ಕೈ ಅಜ್ಜಿ ಇದು. ಸಾರಿ, ನಾನು ಕೇಳಲೇಬಾರದಿತ್ತು."

"ದುಡದದ್ದು ಖರೇನ ಅದ, ತಂಗಿ," ಎಂದಳು ಚನ್ನಬಸವ್ವ. ಆ ಒಂದು ಮಾತು ಹೇಳುವಾಗ ಮಾತ್ರ ಅವಳ ದನಿ ಹಗುರಾಗಿತ್ತು.

ಇಂಪನಾ ಆ ಕೈ ಹಿಡಿಯಲು ಬಾಗಿದಳು. ಚನ್ನಬಸವ್ವ ಸೆರಗಿನೊಳಗಿನಿಂದಲೇ ಕೈ ಮುಗಿದು ಹಿಂದೆ ಸರಿದಳು. ಹುಡುಗಿ ಓಣಿ ದಾಟಿದ ಮೇಲೆ ಬಾಗಿಲ ಅಗುಳಿಯನ್ನು ಮೊಣಕೈಯಿಂದ ತಳ್ಳಿ ಹಾಕಿದಳು. ಕೌದಿ ಹೊಲಿದು ಹೆಸರಾಗಿದ್ದ ಅವಳ ಬೆರಳುಗಳು ಸಂಧಿವಾತಕ್ಕೆ ಸೊಟ್ಟಗಾಗಿ, ಸೂಜಿ ಹಿಡಿಯದೆ ವರ್ಷ ದಾಟಿತ್ತು.

ಆಯುಷ್ಯವಿಡೀ ಯಾರ್ಡಿನಲ್ಲಿ ಈರುಳ್ಳಿ ಚೀಲಗಳ ಬಾಯಿ ಹೊಲಿದು, ಹಮಾಲರಿಗೆ ಎತ್ತಲು ಹಿಡಿತವಿರಲೆಂದು ಮೂಲೆ ಮೂಲೆಗೂ ಕಿವಿ ಬಿಡುತ್ತಿದ್ದ ರಾಮಲಿಂಗಪ್ಪ, ಹೊದಿಕೆಯೊಳಗಿಂದ ಬಳೆ ತೊಟ್ಟ ಎರಡೂ ಕೈ ಹೊರಗೆ ಚಾಚಿ, "ಬಚ್ಚಲದಾಗಿನ ಸಬಕಾರ ತಗೊಂಡು ಬಾ, ಇವು ಬಿಚ್ಚವಲ್ಲವು," ಎಂದ.